ಡೊರೊಥಿಯ ಜಡೆ ಯಾಕೆ ಒಮ್ಮೆ ಉದ್ದ, ಒಮ್ಮೆ ಗಿಡ್ಡ?

1939ರ ‘ದಿ ವಿಜರ್ಡ್ ಆಫ್ ಆಝ್’ ಸಿನಿಮಾದಲ್ಲಿ ಕಥಾನಾಯಕಿ ಡೊರೊಥಿಗೆ ಜೋಳದ ಹೊಲದಲ್ಲಿ ಮಾತಾಡುವ ಬೆದರುಬೊಂಬೆ ಸಿಗುತ್ತದಲ್ಲ, ಆ ದೃಶ್ಯದಲ್ಲಿ ಅವಳ ಜಡೆಗಳನ್ನೇ ಗಮನಿಸಿ. ಒಂದು ಶಾಟ್‌ನಲ್ಲಿ ಗಿಡ್ಡ, ಇನ್ನೊಂದರಲ್ಲಿ ಉದ್ದ. ಇದನ್ನು ಸುಮ್ನೆ ಬೇಜವಾಬ್ದಾರಿ ಅಂತ ತಳ್ಳಿಹಾಕುವವರೇ ಜಾಸ್ತಿ. ನಾನು ಒಪ್ಪುವುದಿಲ್ಲ. ಆ ಸಿನಿಮಾ ಎಷ್ಟು ಕಷ್ಟದಲ್ಲಿ ತಯಾರಾಯಿತು ಅನ್ನುವುದರ ಗುರುತುಗಳಿವು.

ಶೂಟಿಂಗ್ ಶುರುವಾಗಿದ್ದು 1938ರ ಅಕ್ಟೋಬರ್‌ನಲ್ಲಿ. ಮೊದಲ ನಿರ್ದೇಶಕ ರಿಚರ್ಡ್ ಥಾರ್ಪ್ ಹೆಚ್ಚು ದಿನ ಉಳಿಯಲಿಲ್ಲ. ಅವರು ಡೊರೊಥಿ ಪಾತ್ರ ಮಾಡಿದ ಜೂಡಿ ಗಾರ್ಲ್ಯಾಂಡ್‌ಗೆ ಹೊಂಬಣ್ಣದ ವಿಗ್ ಹಾಕಿಸಿದ್ದರು. ನಡುವೆ ಬಂದ ಜಾರ್ಜ್ ಕ್ಯೂಕರ್ ಅದನ್ನು ತೆಗೆಸಿದರು. ಆಮೇಲೆ ವಿಕ್ಟರ್ ಫ್ಲೆಮಿಂಗ್. ಅವರೂ ನಡುವೆ ಹೊರಟಾಗ ಡೊರೊಥಿಯ ಊರಾದ ಕಾನ್ಸಾಸ್‌ನ ದೃಶ್ಯಗಳು ಕಿಂಗ್ ವಿಡೋರ್ ಪಾಲಾದವು. ಇಷ್ಟು ಕೈ ಬದಲಾದ ಮೇಲೆ ಜಡೆಯ ಅಳತೆ ಯಾರು ನೆನಪಿಡಬೇಕು? ಹಿಂದಿನ ಶಾಟ್‌ನ ಫೋಟೋ ನೋಡಿ ಹೊಂದಿಸೋಣವೆಂದರೆ, ಹಿಡಿದ ಕೂಡಲೇ ಫೋಟೋ ಕೊಡುವ ಪೋಲರಾಯ್ಡ್ ಕ್ಯಾಮೆರಾ ಮಾರುಕಟ್ಟೆಗೆ ಬಂದಿದ್ದೇ 1948ರಲ್ಲಿ.

ಎಡಿಟಿಂಗ್ ಮೇಜಿನ ಮೇಲೂ ತಪ್ಪು ಹುಟ್ಟಿತು. ಮಾಟಗಾತಿ ತನ್ನ ಹಾರುವ ಕೋತಿಗಳಿಗೆ, ‘ಮುಂದೆ ಒಂದು ಪುಟ್ಟ ಹುಳು ಕಳಿಸಿದ್ದೀನಿ’ ಅನ್ನುತ್ತಾಳೆ. ಆ ಹುಳು ಬರುವುದೇ ಇಲ್ಲ. ‘ಜಿಟರ್‌ಬಗ್’ ಎಂಬ ಹಾಡಿನಲ್ಲಿ ಅದು ಎಲ್ಲರನ್ನೂ ಕುಣಿಸಿ ಸುಸ್ತು ಮಾಡಬೇಕಿತ್ತು. ಸಿನಿಮಾ ಉದ್ದವಾಯಿತೆಂದು ಹಾಡಿಗೆ ಕತ್ತರಿ ಬಿತ್ತು, ಮಾತು ಉಳಿಯಿತು. ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ಇದರಷ್ಟು ಕುತೂಹಲದ ಎಡವಟ್ಟು ಇನ್ನೊಂದಿಲ್ಲ.

ಗಣಿತದ ತಪ್ಪು ಬೇರೆ ಥರದ್ದು. ಬುದ್ಧಿವಂತನೆಂಬ ಡಿಪ್ಲೊಮಾ ಸಿಕ್ಕ ಕೂಡಲೇ ಬೆದರುಬೊಂಬೆ, ಸಮದ್ವಿಬಾಹು ತ್ರಿಭುಜದ ಯಾವುದೇ ಎರಡು ಬಾಹುಗಳ ವರ್ಗಮೂಲ ಕೂಡಿದರೆ ಮೂರನೆಯದರ ವರ್ಗಮೂಲ ಬರುತ್ತದೆ ಅನ್ನುತ್ತದೆ. ಲೆಕ್ಕ ಹಾಕಿ ನೋಡಿ. ಎರಡು ಬಾಹು 4, 4 ಇರಲಿ. ವರ್ಗಮೂಲ 2 ಮತ್ತು 2, ಕೂಡಿದರೆ 4. ಅಂದರೆ ಮೂರನೆಯ ಬಾಹು 16! ಅಂಥ ತ್ರಿಭುಜ ಮುಚ್ಚುವುದೇ ಇಲ್ಲ. ಪೈಥಾಗೊರಸ್ ಹೇಳಿದ್ದು ಲಂಬಕೋನ ತ್ರಿಭುಜದ ಬಗ್ಗೆ, ಅದೂ ವರ್ಗಗಳ ಲೆಕ್ಕ.

ಥಿಯೇಟರ್‌ನಲ್ಲಿ ಒಮ್ಮೆ ನೋಡಿ ಎದ್ದುಹೋಗುವವರಿಗೆ ಇದೆಲ್ಲ ಎಲ್ಲಿ ಕಾಣಬೇಕು? 1956ರಲ್ಲಿ ಚಿತ್ರ ಟಿವಿಗೆ ಬಂತು. ಮುಂದೆ ವಿಡಿಯೊ ಕ್ಯಾಸೆಟ್ ಬಂದಾಗ ನಿಲ್ಲಿಸಿ, ಹಿಂದಕ್ಕೆ ಓಡಿಸಿ ನೋಡುವುದು ಸಲೀಸಾಯಿತು. ತಪ್ಪು ಹುಡುಕುವ ಹುಮ್ಮಸ್ಸು ಸುಳ್ಳನ್ನೂ ಹುಟ್ಟಿಸಿತು. ಡೊರೊಥಿಗೆ ತಗಡಿನ ಮನುಷ್ಯ ಸಿಕ್ಕಮೇಲೆ ಹಿನ್ನೆಲೆಯಲ್ಲಿ ಅಲುಗಾಡುವ ಕಪ್ಪು ಆಕಾರ, ನೇಣು ಹಾಕಿಕೊಂಡ ಕುಳ್ಳ ನಟನದ್ದು ಎಂಬ ವದಂತಿ ಹಬ್ಬಿತು. ಅದು ಸೆಟ್‌ನಲ್ಲಿ ಓಡಾಡಲು ಬಿಟ್ಟಿದ್ದ ದೊಡ್ಡ ಹಕ್ಕಿ. ಪ್ರಿಂಟ್ ಶುಚಿಯಾಗಿದ್ದರೆ ಅದು ರೆಕ್ಕೆ ಬಿಚ್ಚುವುದೂ ಕಾಣುತ್ತದೆ.