ಕನ್ನಡ ಮಾಧ್ಯಮದ ವಿದ್ಯಾರ್ಥಿನಿ ತುಮಕೂರಿನಲ್ಲೇ ಇದ್ದು ಕ್ಲಾಟ್ ಪರೀಕ್ಷೆಗೆ ಸಿದ್ಧಳಾಗಬಹುದೆ?

ಪ್ರಶ್ನೆ: ನಮ್ಮ ಮಗಳು ಶಿರಾ ತಾಲ್ಲೂಕಿನ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ, ಈಗ ತುಮಕೂರಿನಲ್ಲಿ ಪ್ರಥಮ ಪಿಯುಸಿ ಕಲಾ ವಿಭಾಗದಲ್ಲಿ ಓದುತ್ತಿದ್ದಾಳೆ. ವಕೀಲೆಯಾಗಬೇಕೆಂಬುದು ಅವಳ ಆಸೆ. ಬೆಂಗಳೂರಿನಲ್ಲಿ ಇರಿಸಿ ಕೋಚಿಂಗ್ ಕೊಡಿಸುವಷ್ಟು ಅನುಕೂಲ ನಮಗಿಲ್ಲ. ಇಲ್ಲೇ ಇದ್ದು, ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲಾಟ್‌ಗೆ ಸಿದ್ಧತೆ ಮಾಡಿಕೊಳ್ಳಲು ಸಾಧ್ಯವೆ? ಅರ್ಜಿಯನ್ನು ಯಾವಾಗ, ಹೇಗೆ ಹಾಕಬೇಕು?

ಉತ್ತರ: ಸಾಧ್ಯವಿದೆ. ಆದರೆ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಮೇಲೆ ನೋಡಿಕೊಳ್ಳೋಣ ಎಂದರೆ ಸಮಯ ಮೀರಿಹೋಗಿರುತ್ತದೆ. ವೈದ್ಯಕೀಯ, ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗಳು ಪಿಯುಸಿ ಪರೀಕ್ಷೆಯ ನಂತರ ನಡೆಯುವುದನ್ನು ಕಂಡಿರುವ ನಮ್ಮ ಊರಿನ ಪೋಷಕರು ಕ್ಲಾಟ್ ಕೂಡ ಏಪ್ರಿಲ್-ಮೇ ತಿಂಗಳಲ್ಲಿ ಇರಬಹುದೆಂದು ಭಾವಿಸುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅದು ಡಿಸೆಂಬರ್ ಮೊದಲ ಭಾನುವಾರದಂದು ನಡೆಯುತ್ತಿದೆ. 2024ರಲ್ಲಿ ಡಿಸೆಂಬರ್ 1ರಂದು, 2025ರಲ್ಲಿ ಡಿಸೆಂಬರ್ 7ರಂದು ನಡೆಯಿತು. ಅಂದರೆ ನಿಮ್ಮ ಮಗಳು ದ್ವಿತೀಯ ಪಿಯುಸಿಯ ಮಧ್ಯದಲ್ಲಿರುವಾಗ, ವಾರ್ಷಿಕ ಪರೀಕ್ಷೆಗೆ ಕೆಲವು ತಿಂಗಳು ಮೊದಲೇ ಇದನ್ನು ಬರೆಯಬೇಕು. ಅವಳು ಈಗ ಪ್ರಥಮ ಪಿಯುಸಿಯಲ್ಲಿರುವುದರಿಂದ ಆರಂಭಿಸಲು ಇದೇ ಸರಿಯಾದ ಕಾಲ.

ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಅರ್ಜಿ ಹಾಕಬಹುದು. ಶೇ 45ರಷ್ಟು ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 40 ಸಾಕು. ಗರಿಷ್ಠ ವಯಸ್ಸಿನ ಮಿತಿ ಇಲ್ಲ. ದೇಶದ ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಈ ಒಂದೇ ಪರೀಕ್ಷೆಯ ರ‍್ಯಾಂಕ್ ಮೇಲೆ ನಡೆಯುತ್ತದೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಐಲೆಟ್ ಎಂಬ ತನ್ನದೇ ಪರೀಕ್ಷೆ ನಡೆಸುತ್ತದೆ.

ಇನ್ನು ಪರೀಕ್ಷೆಯ ಸ್ವರೂಪ. ಎರಡು ಗಂಟೆ, 120 ಪ್ರಶ್ನೆ, 120 ಅಂಕ. ಪ್ರತಿ ತಪ್ಪು ಉತ್ತರಕ್ಕೆ 0.25 ಅಂಕ ಕಡಿತ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ ಮತ್ತು ಸಾಮಾನ್ಯ ಜ್ಞಾನ, ಕಾನೂನು ತಾರ್ಕಿಕತೆ, ಸಾಮಾನ್ಯ ತಾರ್ಕಿಕತೆ, ಗಣಿತ ಎಂಬ ಐದು ವಿಭಾಗಗಳಿವೆ. ಪ್ರಚಲಿತ ವಿದ್ಯಮಾನ ಮತ್ತು ಕಾನೂನು ತಾರ್ಕಿಕತೆಗೆ ತಲಾ ಕಾಲು ಭಾಗ, ಇಂಗ್ಲಿಷ್ ಮತ್ತು ಸಾಮಾನ್ಯ ತಾರ್ಕಿಕತೆಗೆ ತಲಾ ಐದನೇ ಒಂದು ಭಾಗ ಹೋಗಿ, ಗಣಿತಕ್ಕೆ ಉಳಿಯುವುದು ಹತ್ತನೇ ಒಂದು ಭಾಗ. 2020ರಿಂದ ಈ ಎಲ್ಲ ವಿಭಾಗಗಳ ಪ್ರಶ್ನೆಗಳೂ ಗದ್ಯಭಾಗಗಳ ಮೇಲೆಯೇ ಬರುತ್ತಿವೆ. ಒಂದೊಂದು ಗದ್ಯಭಾಗವೂ ಸುಮಾರು 450 ಪದಗಳವರೆಗೆ ಇರುತ್ತದೆ, ಅದರ ಕೆಳಗೆ ಕೆಲವು ಪ್ರಶ್ನೆಗಳಿರುತ್ತವೆ. ಕಾನೂನು ಮೊದಲೇ ಗೊತ್ತಿರಬೇಕೆಂಬ ನಿರೀಕ್ಷೆ ಇಲ್ಲ. ಹೀಗಾಗಿ ಇದು ಕಾನೂನಿನ ಪರೀಕ್ಷೆ ಎನ್ನುವುದಕ್ಕಿಂತ ಓದಿನ ಪರೀಕ್ಷೆ ಎನ್ನುವುದು ಹೆಚ್ಚು ಸರಿ. ಈ ಮಾತನ್ನು ನಾನು ಒತ್ತಿ ಹೇಳಲು ಕಾರಣವಿದೆ. ಮಕ್ಕಳು ಸಂವಿಧಾನದ ವಿಧಿಗಳನ್ನೂ ಲ್ಯಾಟಿನ್ ಪದಗಳನ್ನೂ ಕಂಠಪಾಠ ಮಾಡುತ್ತಾ ತಿಂಗಳುಗಟ್ಟಲೆ ಕಳೆಯುತ್ತಾರೆ. ಹಳೆಯ ಪುಸ್ತಕದಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ, 2020ಕ್ಕೂ ಮೊದಲಿನ ಮಾದರಿಯ ಗೈಡ್‌ಗಳನ್ನು ನಂಬಿ ಓದುತ್ತಾರೆ. ಆ ಗೈಡ್‌ಗಳು ಸಿದ್ಧಗೊಳಿಸುವುದು ಈಗ ನಡೆಯದೇ ಇರುವ ಪರೀಕ್ಷೆಗೆ.

ಕಾನೂನು ತಾರ್ಕಿಕತೆಯ ಪ್ರಶ್ನೆ ಹೇಗಿರುತ್ತದೆ ಎಂಬುದಕ್ಕೆ ನಾನೇ ರಚಿಸಿದ ಒಂದು ಉದಾಹರಣೆ ಕೊಡುತ್ತೇನೆ. ಗದ್ಯಭಾಗ ಹೀಗೆ ಹೇಳುತ್ತದೆ ಎಂದುಕೊಳ್ಳಿ: 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ; ಅಂಥವರು ಮಾಡಿಕೊಂಡ ಒಪ್ಪಂದ ಆರಂಭದಿಂದಲೇ ಅಸ್ತಿತ್ವವಿಲ್ಲದ್ದು ಎಂದು 1903ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯ) ತೀರ್ಪು ನೀಡಿದೆ. ಪ್ರಶ್ನೆ ಇದು: ಹದಿನೇಳು ವರ್ಷದ ಹುಡುಗನೊಬ್ಬ ತನಗೆ ಇಪ್ಪತ್ತು ಎಂದು ಹೇಳಿ, ತಮ್ಮ ತೋಟದ ಕೊಬ್ಬರಿಯನ್ನು ಕೊಡುವುದಾಗಿ ತಿಪಟೂರಿನ ವ್ಯಾಪಾರಿಯೊಬ್ಬರೊಂದಿಗೆ ಒಪ್ಪಂದ ಮಾಡಿಕೊಂಡು ಐವತ್ತು ಸಾವಿರ ರೂಪಾಯಿ ಮುಂಗಡ ಪಡೆಯುತ್ತಾನೆ. ಹದಿನೆಂಟು ತುಂಬಿದ ಮೇಲೆ, ಆ ಒಪ್ಪಂದಕ್ಕೆ ತಾನು ಬದ್ಧ ಎಂದು ಕಾಗದವನ್ನೂ ಬರೆದುಕೊಡುತ್ತಾನೆ. ನಂತರ ಕೊಬ್ಬರಿ ಕೊಡುವುದಿಲ್ಲ. ಆ ಒಪ್ಪಂದದ ಪ್ರಕಾರ ಕೊಬ್ಬರಿ ಕೊಡಲೇಬೇಕೆಂದು ವ್ಯಾಪಾರಿ ನ್ಯಾಯಾಲಯದಲ್ಲಿ ಕೇಳಬಹುದೆ?

ಮನಸ್ಸು ವ್ಯಾಪಾರಿಯ ಕಡೆಗೆ ವಾಲುತ್ತದೆ. ಹುಡುಗ ಸುಳ್ಳು ಹೇಳಿದ್ದಾನೆ, ದುಡ್ಡು ಪಡೆದಿದ್ದಾನೆ, ದೊಡ್ಡವನಾದ ಮೇಲೆ ಒಪ್ಪಿಕೊಂಡೂ ಇದ್ದಾನೆ. ‘ವಂಚಿಸಿದ್ದರಿಂದ ಅವನು ಬದ್ಧ’, ‘ವಯಸ್ಕನಾದ ಮೇಲೆ ಒಪ್ಪಿದ್ದರಿಂದ ಅವನು ಬದ್ಧ’ ಎಂಬ ಎರಡು ಆಯ್ಕೆಗಳು ಕಣ್ಣಿಗೆ ಕಟ್ಟುವಂತೆ ಇರುತ್ತವೆ. ಆದರೆ ಗದ್ಯಭಾಗ ಹೇಳಿದ್ದು ಒಪ್ಪಂದ ಆರಂಭದಿಂದಲೇ ಇಲ್ಲ ಎಂದು. ಇಲ್ಲದ ಒಪ್ಪಂದವನ್ನು ನಂತರ ಒಪ್ಪಿಕೊಂಡು ಊರ್ಜಿತಗೊಳಿಸಲು ಬರುವುದಿಲ್ಲ. ಸುಳ್ಳು ಹೇಳಿದರೆ ಬದ್ಧನಾಗುತ್ತಾನೆಂಬ ವಿನಾಯಿತಿಯೂ ಅಲ್ಲಿ ಇಲ್ಲ. ಆದ್ದರಿಂದ ಉತ್ತರ, ಕೇಳಲಾಗದು. ಮುಂಗಡದ ಹಣವನ್ನಾದರೂ ವಾಪಸು ಪಡೆಯಲು ಬೇರೆ ಕಾನೂನು ಇದೆಯಲ್ಲ ಎಂದು ಎಲ್ಲೋ ಓದಿದ ನೆನಪಿನಿಂದ ಇನ್ನೊಂದು ಆಯ್ಕೆಗೆ ಗುರುತು ಹಾಕುವ ವಿದ್ಯಾರ್ಥಿಯೂ ಎಡವುತ್ತಾನೆ, ಏಕೆಂದರೆ ಗದ್ಯಭಾಗದಲ್ಲಿ ಆ ಮಾತಿಲ್ಲ, ಪ್ರಶ್ನೆ ಕೇಳಿದ್ದೂ ಅದನ್ನಲ್ಲ. ಮುಂದಿರುವ ನಿಯಮವನ್ನು ಮುಂದಿರುವ ಸಂಗತಿಗೆ ಮಾತ್ರ ಅನ್ವಯಿಸಿ, ಸ್ವಂತ ಅನುಕಂಪವನ್ನೂ ಅರೆಜ್ಞಾನವನ್ನೂ ಪಕ್ಕಕ್ಕಿಡುವ ಈ ಶಿಸ್ತು ಪ್ರತಿದಿನದ ಓದಿನಿಂದ ಬರುತ್ತದೆ, ಮತ್ತು ಅದನ್ನು ತುಮಕೂರಿನ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಕುಳಿತೂ ಸಾಧಿಸಬಹುದು. ಇಬ್ಬರು ಅಭ್ಯರ್ಥಿಗಳ ಅಂಕ ಸಮವಾದರೆ ಮೊದಲು ನೋಡುವುದು ಇದೇ ವಿಭಾಗದ ಅಂಕವನ್ನು ಎಂಬುದನ್ನೂ ನೆನಪಿಡಿ.

ಈಗ ಭಾಷೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ನಿಜವಾದ ಆತಂಕ ಅದೇ ಇರಬೇಕು. ಕ್ಲಾಟ್ ನಡೆಯುವುದು ಇಂಗ್ಲಿಷಿನಲ್ಲಿ ಮಾತ್ರ. ಹಳ್ಳಿಯ ಕನ್ನಡ ಶಾಲೆಯ ಮಗುವಿಗೆ ಇದು ನ್ಯಾಯವಲ್ಲ ಎಂಬುದೇ ನನ್ನ ಅಭಿಪ್ರಾಯ. ಕಕ್ಷಿದಾರರ ಭಾಷೆ ಬಲ್ಲ ವಕೀಲರು ಈ ದೇಶದ ನ್ಯಾಯಾಲಯಗಳಿಗೆ ಬೇಕೇಬೇಕು. ಆದರೂ ಅವಳು ಬರೆಯಬೇಕಿರುವುದು ಈಗಿರುವ ಪರೀಕ್ಷೆಯನ್ನು. ಸಮಾಧಾನದ ಸಂಗತಿ ಎಂದರೆ ಅಲ್ಲಿ ಇಂಗ್ಲಿಷಿನಲ್ಲಿ ಬರೆಯುವುದೂ ಇಲ್ಲ, ಮಾತನಾಡುವುದೂ ಇಲ್ಲ. ಓದಿ ಅರ್ಥ ಮಾಡಿಕೊಂಡರೆ ಸಾಕು. ಎರಡು ಗಂಟೆಯಲ್ಲಿ ಗದ್ಯಭಾಗಗಳೇ ಸುಮಾರು ಹತ್ತು ಸಾವಿರ ಪದಗಳಷ್ಟಾಗುತ್ತವೆ. ಅಷ್ಟನ್ನು ದಣಿಯದೆ ಓದುವ ಅಭ್ಯಾಸ ಆಗಬೇಕು.

ಅದಕ್ಕೆ ನಾನು ಸೂಚಿಸುವ ಕ್ರಮ ಇದು. ಬೆಳಿಗ್ಗೆ ಕನ್ನಡ ಪತ್ರಿಕೆಯ ಸಂಪಾದಕೀಯ ಅಥವಾ ಒಂದು ಗಂಭೀರ ಲೇಖನ ಓದಲಿ. ಅದೇ ವಿಷಯದ ಬಗ್ಗೆ ಇಂಗ್ಲಿಷ್ ಪತ್ರಿಕೆಯಲ್ಲಿ ಬಂದಿರುವುದನ್ನು ನಂತರ ಓದಲಿ. ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್ ಒಂದೇ ಸಂಸ್ಥೆಯ ಪತ್ರಿಕೆಗಳಾದ್ದರಿಂದ ಇಂಥ ಜೋಡಿ ಓದಿಗೆ ಅನುಕೂಲ. ಜೊತೆಗೆ ದಿ ಹಿಂದೂ ಕೂಡ ಇರಲಿ. ವಿಷಯ ಮೊದಲೇ ತಿಳಿದಿರುವುದರಿಂದ ಅರಿಯದ ಇಂಗ್ಲಿಷ್ ಪದಗಳ ಅರ್ಥವನ್ನು ಸಂದರ್ಭದಿಂದಲೇ ಊಹಿಸಲು ಬರುತ್ತದೆ, ಪ್ರತಿ ಸಾಲಿಗೂ ನಿಘಂಟು ತೆರೆಯುವ ಆಯಾಸ ತಪ್ಪುತ್ತದೆ. ಓದಿದ ಮೇಲೆ ನೋಟ್‌ಪುಸ್ತಕದಲ್ಲಿ ಮೂರೇ ಸಾಲು ಬರೆಯಲಿ: ಲೇಖಕರ ನಿಲುವೇನು, ಅದಕ್ಕೆ ಕೊಟ್ಟ ಕಾರಣವೇನು, ಹೇಳದೆ ಒಪ್ಪಿಕೊಂಡಿರುವುದೇನು. ಮೊದಲು ಕನ್ನಡದಲ್ಲಿ ಬರೆದರೂ ಅಡ್ಡಿಯಿಲ್ಲ. ಸಾಮಾನ್ಯ ತಾರ್ಕಿಕತೆಯ ವಿಭಾಗದಲ್ಲಿ ಬಹುಪಾಲು ಕೇಳುವುದು ಈ ಮೂರನ್ನೇ. ಪ್ರಚಲಿತ ವಿದ್ಯಮಾನಕ್ಕೂ ಇದೇ ಓದು ಅಡಿಪಾಯವಾಗುತ್ತದೆ. ಕಲಾ ವಿಭಾಗದಲ್ಲಿ ಎಚ್‌ಇಪಿಎಸ್ ಎಂಬ ವಿಷಯಗಳ ಗುಂಪನ್ನು ಓದುತ್ತಿದ್ದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಪಾಠವೂ ಬೆನ್ನಿಗಿರುತ್ತದೆ. ಗಣಿತಕ್ಕೆ ಎಸ್‌ಎಸ್‌ಎಲ್‌ಸಿ ಮಟ್ಟದ ಶೇಕಡಾವಾರು, ಅನುಪಾತ, ಸರಾಸರಿ, ಕೋಷ್ಟಕ ಓದುವುದು ಇಷ್ಟನ್ನು ಇಂಗ್ಲಿಷ್ ಪಾರಿಭಾಷಿಕ ಪದಗಳೊಂದಿಗೆ ಮತ್ತೊಮ್ಮೆ ಮಾಡಿಕೊಂಡರೆ ಸಾಕು.

ಪ್ರಥಮ ಪಿಯುಸಿ ಪೂರ್ತಿ ಹೀಗೆ ಓದಿಗೇ ಮೀಸಲಿಟ್ಟು, ದ್ವಿತೀಯ ಪಿಯುಸಿಯ ಜೂನ್‌ನಿಂದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಲು ಕೂರಲಿ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟ ತನ್ನ ಜಾಲತಾಣದಲ್ಲಿ ಅವುಗಳನ್ನು ಉಚಿತವಾಗಿ ಇಟ್ಟಿದೆ. ಸೆಪ್ಟೆಂಬರ್‌ನಿಂದ ಪ್ರತಿ ಭಾನುವಾರ, ಪರೀಕ್ಷೆ ನಡೆಯುವ ಮಧ್ಯಾಹ್ನ ಎರಡರಿಂದ ನಾಲ್ಕರ ಹೊತ್ತಿಗೇ, ಒಂದು ಪೂರ್ಣ ಮಾಕ್ ಟೆಸ್ಟ್ (ಅಣಕು ಪರೀಕ್ಷೆ) ಬರೆಯಲಿ. ನೆಗೆಟಿವ್ ಅಂಕದ ಲೆಕ್ಕವೂ ಆಗಲೇ ಕೈಗೆ ಹತ್ತಬೇಕು. ತೊಂಬತ್ತು ಪ್ರಶ್ನೆ ಬಿಡಿಸಿ ಎಪ್ಪತ್ತು ಸರಿ, ಇಪ್ಪತ್ತು ತಪ್ಪಾದರೆ 65 ಅಂಕ. ನೂರಹತ್ತು ಬಿಡಿಸಿ ಎಪ್ಪತ್ತನಾಲ್ಕು ಸರಿ, ಮೂವತ್ತಾರು ತಪ್ಪಾದರೂ 65 ಅಂಕವೇ. ಗಡಿಬಿಡಿಯಲ್ಲಿ ಹೆಚ್ಚುವರಿಯಾಗಿ ಬಿಡಿಸಿದ ಇಪ್ಪತ್ತು ಪ್ರಶ್ನೆಗಳಿಂದ ಏನೂ ದಕ್ಕಲಿಲ್ಲ. ಹಾಗೆಂದು ಅನುಮಾನವಿದ್ದ ಪ್ರಶ್ನೆಗಳನ್ನೆಲ್ಲ ಬಿಟ್ಟುಬಿಡುವುದೂ ಜಾಣತನವಲ್ಲ. ನಾಲ್ಕರಲ್ಲಿ ಒಂದೆರಡು ಆಯ್ಕೆಗಳು ಖಂಡಿತ ತಪ್ಪೆಂದು ಗೊತ್ತಾದರೆ ಉಳಿದವುಗಳಲ್ಲಿ ಒಂದನ್ನು ಗುರುತಿಸುವುದು ಲಾಭಕರವೇ.

ಕೋಚಿಂಗ್‌ನಿಂದ ಸಿಗುವುದು ಮುಖ್ಯವಾಗಿ ಮಾಕ್ ಟೆಸ್ಟ್‌ಗಳು ಮತ್ತು ಒಂದು ವೇಳಾಪಟ್ಟಿ. ಕೈಯಲ್ಲಿ ಹಣವಿದ್ದರೆ ಬರೀ ಮಾಕ್ ಟೆಸ್ಟ್‌ಗಳನ್ನು ಆನ್‌ಲೈನ್‌ನಲ್ಲಿ ಕೊಂಡರೆ ಸಾಕು. ಇಡಿಯಾ ಎಂಬ ಸಂಸ್ಥೆಯ ಬಗ್ಗೆಯೂ ವಿಚಾರಿಸಿ. ಕಾನೂನು ಪ್ರಾಧ್ಯಾಪಕ ಶಮ್ನಾದ್ ಬಷೀರ್ 2010ರಲ್ಲಿ ಸ್ಥಾಪಿಸಿದ ಈ ಸಂಸ್ಥೆ, ಬಡ ಹಾಗೂ ಅವಕಾಶವಂಚಿತ ಕುಟುಂಬಗಳ ಮಕ್ಕಳನ್ನು ಆಯ್ಕೆ ಮಾಡಿ ಕ್ಲಾಟ್‌ಗೆ ತರಬೇತಿ ಕೊಡಿಸುತ್ತದೆ. ಅದಕ್ಕೆ ಕರ್ನಾಟಕದಲ್ಲೂ ಶಾಖೆಯಿದೆ.

ಅರ್ಜಿ ಸಾಮಾನ್ಯವಾಗಿ ಜುಲೈ-ಆಗಸ್ಟ್‌ನಲ್ಲಿ ಆರಂಭವಾಗಿ ಅಕ್ಟೋಬರ್‌ವರೆಗೆ, ಒಕ್ಕೂಟದ ಜಾಲತಾಣದಲ್ಲಿ ಮಾತ್ರ ನಡೆಯುತ್ತದೆ. ಇತ್ತೀಚಿನ ಶುಲ್ಕ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಬಿಪಿಎಲ್ ಕುಟುಂಬದವರಿಗೆ 3,500. ಸೈಬರ್ ಸೆಂಟರ್‌ನಲ್ಲಿ ತುಂಬಿಸುವುದಾದರೆ ಅಲ್ಲಿನವರ ಮೊಬೈಲ್ ಸಂಖ್ಯೆಯನ್ನಾಗಲಿ ಇಮೇಲ್ ಅನ್ನಾಗಲಿ ಕೊಡಲು ಎಂದೂ ಒಪ್ಪಬೇಡಿ. ಪ್ರವೇಶಪತ್ರದಿಂದ ಕೌನ್ಸೆಲಿಂಗ್‌ವರೆಗೆ ಎಲ್ಲ ಸೂಚನೆಗಳೂ ಆ ಸಂಖ್ಯೆಗೇ ಬರುತ್ತವೆ, ಲಾಗಿನ್ ಆಗಲೂ ಅದೇ ಬೇಕು. ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಇರಲಿ. ಒಂದು ದಾಖಲೆಯಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ತಂದೆಯ ಪೂರ್ಣ ಹೆಸರು ಇದ್ದರೆ ಆಧಾರ್ ಅನ್ನು ಈಗಲೇ ತಿದ್ದಿಸಿಕೊಳ್ಳಿ.

ಮೀಸಲಾತಿಯ ವಿಷಯದಲ್ಲಿ ಎರಡು ಸಂಗತಿಗಳನ್ನು ನಮ್ಮವರು ಗಮನಿಸುವುದಿಲ್ಲ. ಬೆಂಗಳೂರಿನ ನಾಗರಬಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25ರಷ್ಟು ಸೀಟುಗಳ ಸಮತಲ ಮೀಸಲಾತಿ, ಅಂದರೆ ಪ್ರತಿ ವರ್ಗದ ಒಳಗೂ ಅನ್ವಯವಾಗುವ ಮೀಸಲಾತಿ, ಇದೆ. ರಾಜ್ಯದ ಮಾನ್ಯತೆ ಪಡೆದ ಶಾಲಾ-ಕಾಲೇಜುಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿದವರು ಇದಕ್ಕೆ ಅರ್ಹರು. ನಿಮ್ಮ ಮಗಳು ಖಂಡಿತ ಅರ್ಹಳು, ಆದರೆ ಅರ್ಜಿಯಲ್ಲೇ ಅದನ್ನು ಕೋರಬೇಕು, ಓದಿದ ಎಲ್ಲ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ಪಡೆದಿಟ್ಟುಕೊಳ್ಳಬೇಕು. ಎರಡನೆಯದು ಹಿಂದುಳಿದ ವರ್ಗಗಳ ಪ್ರಮಾಣಪತ್ರ. ರಾಜ್ಯದ ಪ್ರವರ್ಗ 1, 2ಎ, 3ಎ ಮುಂತಾದ ಪಟ್ಟಿಯೇ ಬೇರೆ, ಕೇಂದ್ರದ ಒಬಿಸಿ ಪಟ್ಟಿಯೇ ಬೇರೆ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ್ದರಲ್ಲಿ ಇಲ್ಲ. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ ಕೇಂದ್ರದ ನಮೂನೆಯ ಪ್ರಮಾಣಪತ್ರ ಬೇಕೆಂದು ಸ್ಪಷ್ಟವಾಗಿ ಹೇಳಿ.

ಫಲಿತಾಂಶದ ನಂತರ ಕೌನ್ಸೆಲಿಂಗ್‌ಗೆ ಕರೆ ಬಂದರೆ, ವಿಶ್ವವಿದ್ಯಾಲಯಗಳ ಆದ್ಯತಾ ಪಟ್ಟಿ ತುಂಬಿ ಹಲವು ಸಾವಿರ ರೂಪಾಯಿಗಳ ನೋಂದಣಿ ಶುಲ್ಕವನ್ನು ಕೆಲವೇ ದಿನಗಳಲ್ಲಿ ಕಟ್ಟಬೇಕಾಗುತ್ತದೆ. ಆ ಹಣವನ್ನು ಮೊದಲೇ ಹೊಂದಿಸಿಟ್ಟುಕೊಳ್ಳಿ. ಈ ವಿಶ್ವವಿದ್ಯಾಲಯಗಳ ವಾರ್ಷಿಕ ಶುಲ್ಕ ಲಕ್ಷಗಳಲ್ಲಿರುತ್ತದೆ ಎಂಬುದನ್ನು ಮುಚ್ಚಿಡಲಾರೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ಟಾಪ್ ಕ್ಲಾಸ್ ವಿದ್ಯಾರ್ಥಿವೇತನವಿದೆ. ಇದಲ್ಲದೆ ವಿಶ್ವವಿದ್ಯಾಲಯದ್ದೇ ಆರ್ಥಿಕ ನೆರವು ಹಾಗೂ ಶೈಕ್ಷಣಿಕ ಸಾಲದ ದಾರಿಗಳೂ ಇವೆ.

ಕ್ಲಾಟ್‌ನಲ್ಲಿ ಒಳ್ಳೆಯ ರ‍್ಯಾಂಕ್ ಬರದಿದ್ದರೆ? ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಪಿಯುಸಿ ಅಂಕಗಳ ಆಧಾರದ ಮೇಲೆ ಐದು ವರ್ಷದ ಕಾನೂನು ಪದವಿಗೆ ಪ್ರವೇಶ ಸಿಗುತ್ತದೆ, ಕ್ಲಾಟ್ ಬೇಕಿಲ್ಲ. ತುಮಕೂರಿನ ವಿದ್ಯೋದಯ ಕಾನೂನು ಕಾಲೇಜಿನಲ್ಲಿ ಓದಿದವರೂ ನಾಗರಬಾವಿಯಲ್ಲಿ ಓದಿದವರೂ ಒಂದೇ ವಕೀಲರ ಪರಿಷತ್ತಿನಲ್ಲಿ ನೋಂದಣಿಯಾಗಿ, ಒಂದೇ ಅಖಿಲ ಭಾರತ ವಕೀಲರ ಪರೀಕ್ಷೆ ಬರೆದು, ಒಂದೇ ನ್ಯಾಯಾಲಯದಲ್ಲಿ ವಾದಿಸುತ್ತಾರೆ. ಹುಬ್ಬಳ್ಳಿಯ ಈ ವಿಶ್ವವಿದ್ಯಾಲಯದ ಪರೀಕ್ಷೆಗಳನ್ನು ಕನ್ನಡದಲ್ಲೂ ಬರೆಯಬಹುದು. ಆದ್ದರಿಂದ ಡಿಸೆಂಬರ್‌ನ ಪರೀಕ್ಷೆ ಮುಗಿದ ಮರುದಿನದಿಂದಲೇ ಅವಳು ಪಿಯುಸಿ ವಾರ್ಷಿಕ ಪರೀಕ್ಷೆಯ ಓದಿಗೆ ಮರಳಲಿ. ಮತ್ತೊಮ್ಮೆ ಕ್ಲಾಟ್ ಬರೆಯುವ ಮನಸ್ಸಿದ್ದರೆ ವರ್ಷವಿಡೀ ಮನೆಯಲ್ಲಿ ಕೂರುವುದಕ್ಕಿಂತ, ಊರಿನ ಕಾನೂನು ಕಾಲೇಜಿಗೆ ಸೇರಿ, ಅಲ್ಲಿ ಓದುತ್ತಲೇ ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಬರೆಯುವುದು ಮೇಲು.