ಮಸ್ಕಿರಿಯೊಳಗಿನ ಮಾತು

ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಜೇವರ್ಗಿ ಕಡೆಯ ಹಳ್ಳಿಯವರು ಅಂತಿಟ್ಟುಕೊಳ್ಳಿ. ಗುರುತು ಸಿಗಬಾರದು ಅಂತ ಊರು, ವಯಸ್ಸು ಬದಲಿಸಿಯೇ ಬರೆಯುತ್ತಿದ್ದೇನೆ. ಆಕೆಗೆ ನಾಲ್ಕು ತಿಂಗಳಿಂದ ನಿದ್ದೆ ಇಲ್ಲ. ಡಾಕ್ಟರ್ ಪರೀಕ್ಷೆಗಳನ್ನೆಲ್ಲ ಮಾಡಿಸಿ, ಒಮ್ಮೆ ಆಪ್ತಸಮಾಲೋಚನೆಗೆ ಹೋಗಿ ಬನ್ನಿ ಅಂತ ನನ್ನ ಹತ್ತಿರ ಕಳಿಸಿದ್ದರು.

ನಾನು ಕೇಳಿದ್ದಕ್ಕೆಲ್ಲ ಗಂಡನೇ ಉತ್ತರ ಕೊಡುತ್ತಿದ್ದರು. ಎಷ್ಟು ಹೊತ್ತಿಗೆ ಮಲಗುತ್ತಾಳೆ, ಎಷ್ಟು ರೊಟ್ಟಿ ತಿನ್ನುತ್ತಾಳೆ, ಎಲ್ಲವೂ. ಕೊನೆಗೆ ನಾನು ಆಕೆಯ ಕಡೆ ತಿರುಗಿ, "ಯವ್ವಾ, ನೀವು ಹೇಳ್ರಿ, ನಿದ್ದಿ ಯಾಕ ಬರವಲ್ತು?" ಅಂದೆ. ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕು, ರಾಗ ಎಳೆದು ಹೇಳಿದರು:

"ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ, ನಮ್ಮ ರಾಯರಿಗಿ ಸಿಟ್ಟ ಬಂದ್ರ ಬರಂಗಿಲ್ಲ ನಿದ್ದಿ!"

ಗಂಡ ಗಹಗಹಿಸಿ ನಕ್ಕರು. ಹೊರಗೆ ಬೆಂಚಿನ ಮೇಲೆ ಕೂತವರೂ ನಕ್ಕರು. ನನಗೂ ನಗು ಬಂತು. ನಗುತ್ತಲೇ ಆ ಎರಡು ಸಾಲನ್ನು ಕೇಸ್ ಪೇಪರಿನಲ್ಲಿ ಬರೆದುಕೊಂಡೆ.

ನಮ್ಮ ಕಡೆಯವರಿಗೆ ಗೊತ್ತು, ಇದು ಒಡಪು. ಮದುವೆಯಲ್ಲಿ, ಕುಬಸದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು "ಹೆಸರು ಹೇಳು, ಒಳಗ ಬಿಡ್ತೀವಿ" ಅಂತಾರೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಅನ್ನುವ ಕಾಲದಲ್ಲಿ, ಪ್ರಾಸದೊಳಗೆ ಕೂಡಿಸಿದರೆ ಹೇಳಬಹುದಿತ್ತು. ಬರೀ ಹೆಸರಲ್ಲ, ಅತ್ತೆಯ ಜಿಪುಣತನ, ನಾದಿನಿಯ ಜೋರು, ಗಂಡನ ಸಿಟ್ಟು ಎಲ್ಲವೂ ಒಡಪಿನಲ್ಲಿ ಬಂದು ಹೋಗುತ್ತಿತ್ತು. ಅದನ್ನು ಕೇಳಿ ಯಾರೂ ಸಿಟ್ಟಾಗುವ ಹಾಗಿಲ್ಲ. ಆಟದ ನಿಯಮವೇ ಅದು. ಮಾತಾಡುವ ಹಕ್ಕಿಲ್ಲದ ಸೊಸೆಗೆ ಆ ಹೊಸ್ತಿಲ ಮೇಲೆ ಎರಡು ಸಾಲಿನಷ್ಟು ಹಕ್ಕು ಸಿಗುತ್ತಿತ್ತು.

ಈ ಹೆಣ್ಣುಮಗಳು ನನ್ನ ಕೋಣೆಯಲ್ಲಿ ಮಾಡಿದ್ದೂ ಅದನ್ನೇ.

ಕಲಬುರಗಿಯಲ್ಲಿ ಕೂತು ಇಷ್ಟು ವರ್ಷ ಜನರ ಮಾತು ಕೇಳಿದ ಮೇಲೆ ನಾನು ಒಂದನ್ನು ಗಟ್ಟಿಯಾಗಿ ನಂಬುತ್ತೇನೆ. ನಮ್ಮ ಜನ ನೋವನ್ನು ನೇರವಾಗಿ ಹೇಳುವುದು ಕಡಿಮೆ. ಮಸ್ಕಿರಿಯಲ್ಲಿ, ಅಂದರೆ ತಮಾಷೆಯಲ್ಲಿ, ಹೇಳುತ್ತಾರೆ. ಮಸ್ಕಿರಿ ಉರ್ದುವಿನಲ್ಲೂ ಇದೆ, ಮರಾಠಿಯಲ್ಲೂ ಇದೆ. 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಸೀಮೆ ನಮ್ಮದು, ಇಂಥ ಮಾತು ಇಲ್ಲಿ ಹೆಜ್ಜೆಗೊಂದು ಸಿಗುತ್ತವೆ. "ಸುಮ್ನೆ ಮಸ್ಕಿರಿ ಮಾಡಿದೆ" ಅಂತ ಯಾರಾದರೂ ಅಂದಾಗ, ಅದು ಸುಮ್ನೆ ಇರಲಿಕ್ಕಿಲ್ಲ ಅಂತ ನಾನು ಕಿವಿ ಕೊಡುತ್ತೇನೆ.

ನಗು ಅಂದರೆ ಜೋಕಿಗೆ ಬರುವ ಉತ್ತರ ಅಂತ ನಾವು ತಿಳಿದಿದ್ದೇವೆ. ಅಮೆರಿಕದ ರಾಬರ್ಟ್ ಪ್ರೊವೈನ್ ಎಂಬ ವಿಜ್ಞಾನಿ ಮತ್ತು ಅವರ ವಿದ್ಯಾರ್ಥಿಗಳು ಮಾಲ್‌ಗಳಲ್ಲಿ, ಕಾಲೇಜುಗಳಲ್ಲಿ ಜನ ನಕ್ಕ 1,200 ಸಂದರ್ಭಗಳನ್ನು ಬರೆದಿಟ್ಟುಕೊಂಡು ನೋಡಿದರು. ಜೋಕಿನಂಥ ಮಾತಿಗೆ ಬಂದ ನಗು ಐದರಲ್ಲಿ ಒಂದು ಪಾಲಿನಷ್ಟೂ ಇರಲಿಲ್ಲ. ಮಿಕ್ಕದ್ದೆಲ್ಲ "ಆಮೇಲೆ ಸಿಗ್ತೀನಿ", "ಹೌದಾ, ಬಂದ್ಯಾ" ಅನ್ನುವಂಥ ಸಾದಾ ಮಾತಿಗೆ ಬಂದದ್ದು. ಒಬ್ಬರೇ ಇದ್ದಾಗ ನಗುವುದಕ್ಕಿಂತ ಜನರ ನಡುವೆ ಇದ್ದಾಗ ಮೂವತ್ತು ಪಟ್ಟು ಜಾಸ್ತಿ ನಗುತ್ತೇವೆ ಅಂತಲೂ ಅವರ ಅಧ್ಯಯನ ಹೇಳುತ್ತದೆ. ಚಹಾದ ಅಂಗಡಿ ಮುಂದೆ ಐದು ನಿಮಿಷ ನಿಂತರೆ ನಿಮಗೂ ಇದು ಕಾಣುತ್ತದೆ. ನಾನು ನಿನ್ನವನು, ನೀನು ನನ್ನವನು ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುವ ದಾರಿ ಅದು. ಅದಕ್ಕೇ ನಗೆಯಲ್ಲಿ ಆದ ಗಾಯ ಆಳಕ್ಕೆ ಇಳಿಯುತ್ತದೆ. ನೀನು ನಮ್ಮವನಲ್ಲ ಅಂತ ಅದೇ ದಾರಿಯಲ್ಲಿ ಹೇಳಿಬಿಡಬಹುದು.

ಇಲ್ಲಿ ಒಬ್ಬ ಹುಡುಗನ ಮಾತು ಹೇಳಬೇಕು. ಬೀದರ ಜಿಲ್ಲೆಯವನು, ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ. ದೀಪಾವಳಿ ರಜೆಗೆ ಬಂದಾಗ ಅಕ್ಕ ಒತ್ತಾಯ ಮಾಡಿ ಕರೆತಂದಿದ್ದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಜೊತೆಯವರು "ಗುರೂ, ನಿಮ್ ಭಾಷೇಲಿ ಏನಾದ್ರೂ ಹೇಳು" ಅನ್ನುತ್ತಿದ್ದರಂತೆ. ಇವನು ಹೇಳುತ್ತಿದ್ದ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಗೊತ್ತಿಲ್ಲದ ಊರಲ್ಲಿ ಗೆಳೆಯರಾಗಲು ಅದೊಂದು ದಾರಿ ಆಯಿತು. ಹಾಗಾಗಿ ಇನ್ನಷ್ಟು ಎಳೆದು, ಇನ್ನಷ್ಟು ಒರಟಾಗಿ ಆಡತೊಡಗಿದ. ತನ್ನ ಅಜ್ಜಿ ಬೈಯುವುದನ್ನು, ಊರಿನ ಬಿಸಿಲನ್ನು, ತನ್ನ ಬಣ್ಣವನ್ನು ಎಲ್ಲ ನಗೆಗೆ ಇಟ್ಟ. ಮೂರನೇ ವರ್ಷ ಒಂದು ಮೀಟಿಂಗಿನಲ್ಲಿ, ಕೆಲಸ ಹೇಳಿದ ದಿನಕ್ಕೆ ಮುಗಿಯುವುದಿಲ್ಲ ಅಂತ ಗೊತ್ತಿದ್ದು, ಎದ್ದು ನಿಂತು "ಸರ್, ಇದು ಆಗಂಗಿಲ್ರಿ" ಅಂದ. ಇಡೀ ಕೋಣೆ ನಕ್ಕಿತು.

"ನಾ ಖರೇನೇ ಹೇಳಿದ್ದೆ ಮೇಡಂ," ಅಂದ ನನಗೆ. ಹೇಳುವಾಗಲೂ ನಗುತ್ತಿದ್ದ. ತುಟಿ ಮಾತ್ರ ನಗುತ್ತಿತ್ತು. ಮನಸಾರೆ ನಕ್ಕಾಗ ಕಣ್ಣಿನ ಸುತ್ತಲ ಸ್ನಾಯುವೂ ಬಿಗಿದು ಕಣ್ಣಂಚು ಸುಕ್ಕಾಗುತ್ತದೆ ಅಂತ ಫ್ರಾನ್ಸಿನ ವೈದ್ಯ ಡ್ಯೂಶೆನ್ 1862ರಲ್ಲೇ ತೋರಿಸಿದ್ದರು. ಅದನ್ನೊಂದನ್ನೇ ಹಿಡಿದು ಯಾರ ಮನಸ್ಸನ್ನೂ ಅಳೆಯಲಾಗದು. ಆದರೂ ಎದುರಿಗೆ ಕೂತಾಗ ಆ ವ್ಯತ್ಯಾಸ ಕಾಣುತ್ತದೆ.

ಕೆನಡಾದ ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಮತ್ತು ಜೊತೆಗಾರರು 2003ರಲ್ಲಿ ಜನರ ಹಾಸ್ಯದ ರೀತಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಅದರಲ್ಲಿ ಒಂದು, ನಾಲ್ಕು ಜನರಿಗೆ ಬೇಕಾಗಬೇಕು ಅಂತ ತನ್ನನ್ನು ತಾನೇ ಕೀಳು ಮಾಡಿಕೊಂಡು ನಗಿಸುವುದು. ಈ ರೀತಿ ಜಾಸ್ತಿ ಇರುವವರಲ್ಲಿ ಕಳವಳ, ಖಿನ್ನತೆ ಜಾಸ್ತಿ ಕಾಣುತ್ತದೆ ಅಂತ ಅವರ ಅಧ್ಯಯನದಲ್ಲಿ ಬಂತು. ಕಷ್ಟದ ನಡುವೆಯೂ ಬದುಕಿನ ತಮಾಷೆಯನ್ನು ಕಂಡು ತನ್ನಷ್ಟಕ್ಕೆ ಹಗುರಾಗುವುದು ಬೇರೆ ಬಗೆ. ಅದು ಆಸರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಅಲ್ವಾ?

ಆ ಹುಡುಗನಿಗೆ ನಗಿಸುವುದನ್ನು ಬಿಡು ಅಂತ ನಾನು ಹೇಳಲಿಲ್ಲ. ಅವನ ನಾಲಿಗೆಯಲ್ಲಿ ಖುಷಿ ಇದೆ, ಅದು ಅವನ ಆಸ್ತಿ. ಕೇಳಿದಾಗಲೆಲ್ಲ ಆಡಿ ತೋರಿಸುವುದನ್ನು ಮಾತ್ರ ನಿಲ್ಲಿಸೋಣ ಅಂದೆ. ಗಂಭೀರ ಮಾತನ್ನೂ ಅದೇ ಬೀದರಿನ ಕನ್ನಡದಲ್ಲೇ, ನಗದೆ, ದಿನಕ್ಕೊಮ್ಮೆಯಾದರೂ ಆಡಬೇಕು ಅಂತ ಇಬ್ಬರೂ ಒಪ್ಪಿದೆವು. ಅದು ಅವನಿಗೆ ಬಹಳ ಕಷ್ಟವಾಯಿತು. ಫೋನಿನಲ್ಲಿ ನಾಲ್ಕೈದು ಸಲ ಮಾತಾಡಿದೆವು. ನಮ್ಮ ಭಾಷೆ ಕಿವಿಗೆ ಬಿದ್ದ ಕೂಡಲೇ ನಗುವುದಕ್ಕೆ ತಯಾರಾಗುವವರಿಗೂ ಇದರಲ್ಲಿ ಪಾಲಿದೆ. ನಮ್ಮ "ಆಗಂಗಿಲ್ಲ"ದ ಅರ್ಥ ಆಗುವುದಿಲ್ಲ ಅಂತಲೇ.

ಮನೆಯೊಳಗೂ ನೋಡಿ. ಮಗುವಿಗೆ ಕರಿಯ, ಡುಮ್ಮಿ, ತೊದಲ ಅಂತ ಹೆಸರಿಟ್ಟು ಕಾಕಾ, ಮಾಮಾ ಎಲ್ಲ ನಗುತ್ತಾರೆ. ಮಗು ಮುಖ ಸಣ್ಣದು ಮಾಡಿದರೆ "ಇಷ್ಟೂ ಮಸ್ಕಿರಿ ತಿಳಿಯಂಗಿಲ್ಲೇನು?" ಅಂತ ಇನ್ನೊಂದು ಏಟು. ತಂದೆ ತಾಯಿಗೆ ನಾನು ಕೇಳುವುದು ಒಂದೇ. ಆ ಮಗು ತಿರುಗಿ ಕಾಕಾನ ಬೋಳುತಲೆಗೆ ಒಂದು ಮಾತು ಅಂದರೆ ನೀವೆಲ್ಲ ಅಷ್ಟೇ ನಗುತ್ತೀರಾ? ಇಲ್ಲ, "ದೊಡ್ಡವ್ರಿಗಿ ಹಿಂಗ ಅಂತಾರೇನು" ಅಂತ ಗದರುತ್ತೀರಾ? ಗದರುತ್ತೀರಿ ಅಂದರೆ ಅಲ್ಲಿ ಮಸ್ಕಿರಿ ನಡೆದಿಲ್ಲ. ಬೀಗರು ಬೀಗರನ್ನು, ಭಾವ ಮೈದುನರು ಒಬ್ಬರನ್ನೊಬ್ಬರು ಕಾಡಿದರೂ ಯಾರಿಗೂ ಗಾಯವಾಗುವುದು ಕಡಿಮೆ. ಅಲ್ಲಿ ಕೊಟ್ಟದ್ದನ್ನು ವಾಪಸ್ ಕೊಡಲಿಕ್ಕೆ ಬರುತ್ತದೆ.

ನಗೆಕೂಟಕ್ಕೆ ಹೋದರೆ ಬಿಪಿ ಇಳಿಯುತ್ತದಾ ಅಂತ ಕೇಳುವವರೂ ಇದ್ದಾರೆ. ಮುಂಬಯಿಯಲ್ಲಿ 1995ರಲ್ಲಿ ವೈದ್ಯ ಮದನ್ ಕಟಾರಿಯಾ ಶುರು ಮಾಡಿದ ಪದ್ಧತಿ ಅದು. ಬೆಳಿಗ್ಗೆ ಎದ್ದು ಪಬ್ಲಿಕ್ ಗಾರ್ಡನ್ನಿಗೆ ನಡೆದು ಹೋಗಿ ನಾಲ್ಕು ಜನರ ಜೊತೆ ನಕ್ಕು ಬಂದರೆ ಒಳ್ಳೆಯದೇ. ಗುಳಿಗೆ ಮಾತ್ರ ಬಿಡಬೇಡಿ.

ಒಂದು ಬಗೆಯ ಮಸ್ಕಿರಿಯನ್ನು ಮಾತ್ರ ಯಾವತ್ತೂ ನಕ್ಕು ಬಿಟ್ಟುಬಿಡಬೇಡಿ. "ಇನ್ನೇನು, ನಾ ಸತ್ತ ಮ್ಯಾಲ ಎಲ್ರೂ ಹೋಳಿಗಿ ಮಾಡ್ಕೊಂಡು ಉಣ್ರಿ" ಅಂತ ಮನೆಯ ಹಿರಿಯರೋ, ಸಾಲದಲ್ಲಿರುವ ರೈತರೋ, ಪರೀಕ್ಷೆಯಲ್ಲಿ ಫೇಲಾದ ಹುಡುಗರೋ ಪದೇ ಪದೇ ನಗುತ್ತ ಹೇಳುತ್ತಿದ್ದರೆ, ಅವರನ್ನು ಒಬ್ಬರನ್ನೇ ಕೂಡಿಸಿಕೊಂಡು ನೇರವಾಗಿ ಕೇಳಿ. "ಸಾಯಬೇಕು ಅಂತ ಖರೇನೇ ಅನಿಸ್ತದೇನು?" ಕೇಳಿದರೆ ಇಲ್ಲದ ಯೋಚನೆ ಬಂದೀತು ಅಂತ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದವರ ಮುಂದೆ ಮನಸ್ಸು ಬಿಚ್ಚುತ್ತದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಆ ದಂಪತಿಯ ಮಾತಿಗೆ ಬರುತ್ತೇನೆ. ನಗು ನಿಂತ ಮೇಲೆ ಗಂಡನನ್ನು ಸ್ವಲ್ಪ ಹೊರಗೆ ಕೂರಲು ಹೇಳಿದೆ. ಎಲ್ಲ ದಂಪತಿಗಳಲ್ಲೂ ಇಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸುವುದು ನನ್ನ ಪದ್ಧತಿ. ಕೇಸ್ ಪೇಪರಿನಲ್ಲಿದ್ದ ಸಾಲನ್ನು ಆಕೆಗೆ ಓದಿ ಹೇಳಿ, "ಆ ಸಿಟ್ಟು ಯಾವಾಗ ಬರ್ತದ?" ಅಂದೆ. ಆಕೆ ಸೆರಗು ಕೆಳಗಿಳಿಸಿದರು. "ಸಂಜಿಮುಂದ," ಅಂದರು. ತೊಗರಿಗೆ ನೆಟೆ ರೋಗ ಬಿದ್ದು ಹೊಲ ಒಣಗಿದಾಗಿನಿಂದ ಹೀಗಂತೆ. ಹೊಡೆದಿಲ್ಲ. ಗಂಗಾಳ ಎಸೆಯುತ್ತಾರೆ, ಆಮೇಲೆ ರಾತ್ರಿಯೆಲ್ಲ ಅಂಗಳದಲ್ಲಿ ಓಡಾಡುತ್ತಾರೆ. ಏನು ಕೇಳಿದರೂ ಹೇಳುವುದಿಲ್ಲ. ಆ ಹೆಜ್ಜೆ ಸಪ್ಪಳ ಕೇಳುತ್ತ ಆಕೆ ಎಚ್ಚರವಿರುತ್ತಾರೆ.

ಗಂಡನ ಜೊತೆ ಎರಡು ಸಲ ಬೇರೆ ಕೂತು ಮಾತಾಡಿದೆ. ಗಂಗಾಳ ಎಸೆಯುವುದಕ್ಕೆ ಯಾವ ಕಾರಣವೂ ಸಾಲದು ಅಂತ ಅವರಿಗೆ ಬಿಡಿಸಿ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು. ಮನೆಯಲ್ಲಿ ಮುಚ್ಚಿಟ್ಟದ್ದನ್ನು ನೀವೇ ಹೇಳಬೇಕು, ನಾನು ಹೇಳುವುದಿಲ್ಲ ಅಂತಲೂ ಅಂದೆ. ಮುಂದಿನ ಸಲ ಇಬ್ಬರೂ ಜೊತೆಗೆ ಕೂತರು. ಗಂಡ ಬಹಳ ಹೊತ್ತು ಟವೆಲ್ಲಿನ ಅಂಚು ಹಿಚುಕುತ್ತ ಕೂತಿದ್ದರು. ಆಮೇಲೆ ಹೆಂಡತಿಯ ಮುಖ ನೋಡದೆ, ರಾಗ ಇಲ್ಲದೆ ಹೇಳಿದರು:

"ಶೇಂಗಾ ಹಿಂಡಿಗಿ ಗಟ್ಟಿ ಮೊಸರು, ನನ್ನ ಸಿಟ್ಟಿಗಿ ಸಾಲಂತ ಹೆಸರು."

ಆಕೆ ನಗಲಿಲ್ಲ. ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡು ಕೇಳಿದರು: "ಎಷ್ಟ ಅದ?"