ಎಂಜಿ 42 ಮೆಷಿನ್‌ಗನ್ನಿನ ಬೆಂಕಿ ಫಿಲ್ಮಿಗೆ ಸಿಕ್ಕಿದ್ದು ಅರ್ಧ ಮಾತ್ರ

ಎರಡನೇ ಮಹಾಯುದ್ಧದ ಜರ್ಮನ್ ಫುಟೇಜ್ ಯೂಟ್ಯೂಬಲ್ಲಿ ನೋಡೋರಿಗೆ ಮೊದಲೇ ಒಂದು ಮಾತು ಹೇಳಿಬಿಡ್ತೀನಿ, ಅಲ್ಲಿ ಕೇಳ್ಸೋ ಗುಂಡಿನ ಸದ್ದು, ಟ್ಯಾಂಕಿನ ಗುಡುಗು ಬಹುಪಾಲು ಆಮೇಲೆ ಅಂಟಿಸಿದ್ದು. ರಣರಂಗದಲ್ಲಿ ಓಡಾಡ್ತಿದ್ದ ಕ್ಯಾಮೆರಾಗಳು ಮೂಕ. ಸೈನ್ಯದಲ್ಲೇ ಪ್ರೊಪಗ್ಯಾಂಡಾ ಕಂಪನಿಗಳು ಅಂತ ಇದ್ವು, ಅದರ ಕ್ಯಾಮೆರಾಮನ್‌ಗಳು ಯೂನಿಫಾರ್ಮ್ ಹಾಕ್ಕೊಂಡು ಸೈನಿಕರ ಜೊತೆನೇ ಹೋಗಿ ಶೂಟ್ ಮಾಡಿ ರೀಲನ್ನ ಬರ್ಲಿನ್‌ಗೆ ಕಳಿಸೋರು, ಅಲ್ಲಿ ಎಡಿಟ್ ಆಗಿ ಸೌಂಡು, ಮ್ಯೂಸಿಕ್ಕು, ಆ ಗಡಸು ದನಿಯ ವಿವರಣೆ ಎಲ್ಲಾ ಸೇರ್ಕೊಂಡು 'ಡಾಯ್ಚೆ ವೋಖೆನ್‌ಶೌ' ಅನ್ನೋ ವಾರದ ನ್ಯೂಸ್‌ರೀಲಾಗಿ ಥಿಯೇಟರ್‌ಗೆ ಬರೋದು. 1940ರಿಂದ ಯುದ್ಧ ಮುಗಿಯೋ ಹೊತ್ತಿನವರೆಗೂ ಇದೇ ನಡೀತು, ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ ತಾನೇ ಕೂತು ನೋಡಿ ತಿದ್ದುಪಡಿ ಹೇಳ್ತಿದ್ದ.

ಸೌಂಡು ಬಿಡಿ, ಚಿತ್ರನಾದ್ರೂ ಪೂರ್ತಿ ಇದೆಯಾ ಅಂದ್ರೆ ಅದೂ ಇಲ್ಲ, ಇದು ಗೊಬೆಲ್ಸ್ ಕೈವಾಡನೂ ಅಲ್ಲ, ಬರೀ ಫಿಸಿಕ್ಸು.

ಮ್ಯೂನಿಕ್‌ನ ಆರ್ನಾಲ್ಡ್ ಅಂಡ್ ರಿಕ್ಟರ್ ಕಂಪನಿ, ಈಗ ಸಿನಿಮಾದವರು ಆರಿ ಅಂತಾರಲ್ಲ ಅದೇ, 1937ರಲ್ಲಿ ಆರಿಫ್ಲೆಕ್ಸ್ 35 ಅನ್ನೋ ಕ್ಯಾಮೆರಾ ಬಿಟ್ಟಿತ್ತು. ಅದಕ್ಕೂ ಮುಂಚೆ ಕೈಯಲ್ಲಿ ಹಿಡಿಯೋ ಮೂವಿ ಕ್ಯಾಮೆರಾಗಳಲ್ಲಿ ನೋಡೋ ಕಿಂಡಿ ಬೇರೆ, ಲೆನ್ಸ್ ಬೇರೆ, ಹಾಗಾಗಿ ಫೋಕಸ್ ಸರಿ ಇದೆಯೋ ಇಲ್ವೋ ಅಂದಾಜಿನ ಮೇಲೇ ಕೆಲಸ. ಇದರಲ್ಲಿ ತಿರುಗೋ ಶಟರ್‌ಗೇ ಕನ್ನಡಿ ಹಾಕಿ ಓರೆಯಾಗಿ ಕೂರಿಸಿದ್ರು. ಶಟರ್ ತೆರೆದಾಗ ಬೆಳಕು ಫಿಲ್ಮಿಗೆ, ಮುಚ್ಚಿದಾಗ ಅದೇ ಲೆನ್ಸಿನ ಬೆಳಕು ಕನ್ನಡಿಗೆ ಬಡಿದು ಕ್ಯಾಮೆರಾಮನ್ ಕಣ್ಣಿಗೆ, ಸೆಕೆಂಡಿಗೆ 24 ಸಲ. ಎಷ್ಟು ಉಪಯೋಗಕ್ಕೆ ಬಂತು ಅಂದ್ರೆ ಅಮೆರಿಕದವರೂ ಇದನ್ನ ನೋಡ್ಕೊಂಡು ತಮ್ಮದೊಂದು ಮಾಡ್ಕೊಂಡ್ರು. 60 ಮೀಟರ್ ರೀಲ್ ಹಾಕಿದ್ರೆ ಎರಡು ನಿಮಿಷ ಚಿಲ್ಲರೆ ಓಡುತ್ತೆ ಅಷ್ಟೇ, ಆ ಫುಟೇಜ್‌ಗಳಲ್ಲಿ ಶಾಟ್‌ಗಳು ಚಿಕ್ಕಚಿಕ್ಕದಾಗಿ ಇರೋದಕ್ಕೆ ಇದೂ ಒಂದು ಕಾರಣ.

ಈಗ ಇದರ ಮುಂದೆ ಜರ್ಮನ್ನರ ಎಂಜಿ 42 ಮೆಷಿನ್‌ಗನ್ ಇಡಿ. ನಿಮಿಷಕ್ಕೆ ಸುಮಾರು 1,200 ಗುಂಡು, ಅಂದ್ರೆ ಸೆಕೆಂಡಿಗೆ 20. ಕಿವಿಗೆ ಒಂದೊಂದೇ ಗುಂಡು ಬಿಡಿಸಿ ಕೇಳಲ್ಲ, ಬಟ್ಟೆ ಪರ್ರಂತ ಹರಿದ ಹಾಗೆ ಒಂದೇ ಸದ್ದು. ಆದ್ರೆ ನಳಿಕೆ ಬಾಯಲ್ಲಿ ಬರೋ ಬೆಂಕಿ ಕೆಲವೇ ಮಿಲಿಸೆಕೆಂಡ್ ಇರುತ್ತೆ, ಕ್ಯಾಮೆರಾ ಶಟರ್ ಹೆಚ್ಚುಕಮ್ಮಿ ಅರ್ಧ ಹೊತ್ತು ತೆರೆದಿದ್ರೆ ಇನ್ನರ್ಧ ಹೊತ್ತು ಮುಚ್ಚಿರುತ್ತೆ. ಸೆಕೆಂಡಿಗೆ 20 ಬೆಂಕಿ, 24 ಫ್ರೇಮು, ಎರಡಕ್ಕೂ ತಾಳ ಕೂಡಲ್ಲ, ಹಾಗಾಗಿ ಸ್ವಲ್ಪ ಹೊತ್ತು ಸಾಲಾಗಿ ಬೆಂಕಿ ಕಾಣ್ಸಿ ಆಮೇಲೆ ಸುಮ್ಮನೆ ನಿಂತಂಗೆ ಆಗಿ ಮತ್ತೆ ಕಾಣ್ಸುತ್ತೆ. ಗನ್ ನಿಂತಿರಲ್ಲ. ಲೆಕ್ಕ ಹಾಕಿದ್ರೆ ಹತ್ತಿರಹತ್ತಿರ ಅರ್ಧದಷ್ಟು ಬೆಂಕಿ ಫಿಲ್ಮಿಗೆ ಬೀಳೋದೇ ಇಲ್ಲ. ಅದೆಲ್ಲ ಹೋಗಿದ್ದು ಎಲ್ಲಿಗೆ? ಕನ್ನಡಿ ಮೂಲಕ ಸೀದಾ ಶೂಟ್ ಮಾಡ್ತಿದ್ದವನ ಕಣ್ಣಿಗೆ! ಅವನು ನೋಡಿದ ಬೆಂಕಿ ನಾವು ನೋಡಲ್ಲ, ನಾವು ನೋಡೋ ಬೆಂಕಿ ಅವನು ನೋಡಿಲ್ಲ. ನಂಗಂತೂ ಇದು ಆ ಕಾಲದ ಯಾವ ಗನ್ನಿಗಿಂತಲೂ ಮಜಾ ಅನ್ಸುತ್ತೆ.

ಇನ್ನು ಬೇಕಂತಲೇ ಬಿಟ್ಟಿದ್ದೂ ಇದೆ. ಟೈಗರ್ ಟ್ಯಾಂಕ್ ಅಂದ್ರೆ ಸಾಕು ಕೆಲವರು ಜೊಲ್ಲು ಸುರಿಸ್ತಾರೆ, ಒಟ್ಟು ಆಗಿದ್ದು ಸುಮಾರು 1,350 ಟೈಗರ್ ಅಷ್ಟೇ. 1941ರ ಜೂನಲ್ಲಿ ಜರ್ಮನಿ ರಷ್ಯಾ ಮೇಲೆ ನುಗ್ಗಿದಾಗ ಟ್ಯಾಂಕುಗಳು ಮೂರೂವರೆ ಸಾವಿರದ ಆಸುಪಾಸು, ಕುದುರೆಗಳು ಆರು ಲಕ್ಷಕ್ಕೂ ಜಾಸ್ತಿ. ಫಿರಂಗಿ, ಊಟದ ಸಾಮಾನು, ಗಾಯಾಳುಗಳು ಎಲ್ಲಾ ಬಹುಪಾಲು ಕುದುರೆ ಗಾಡಿ ಮೇಲೇ. ನ್ಯೂಸ್‌ರೀಲಲ್ಲಿ ಮೆರೆಸಿದ್ದು ಮಾತ್ರ ಟ್ಯಾಂಕು, ವಿಮಾನ.

ಪ್ರಚಾರಕ್ಕಲ್ಲದೆ ಅಳತೆಗೋಸ್ಕರ ತೆಗೆದ ಫಿಲ್ಮುಗಳದ್ದು ಬೇರೆ ಕತೆ. ಬಾಲ್ಟಿಕ್ ತೀರದ ಪೀನೆಮುಂಡೆ ಅನ್ನೋ ಜರ್ಮನ್ ರಾಕೆಟ್ ಕೇಂದ್ರದಲ್ಲಿ 1942ರ ಅಕ್ಟೋಬರ್ 3ಕ್ಕೆ ಎ-4 ರಾಕೆಟ್, ಅಂದ್ರೆ ಮುಂದೆ ವಿ-2 ಅಂತ ಹೆಸರಾಗಿದ್ದು, 80 ಕಿಲೋಮೀಟರಿಗಿಂತ ಮೇಲೆ ಹೋಯ್ತು. ಟೆಸ್ಟ್ ರಾಕೆಟ್ ಮೈಮೇಲೆ ಕಪ್ಪು ಬಿಳಿ ಚೌಕ ಕಾಣುತ್ತಲ್ಲ, ಅದು ಅಂದಕ್ಕಲ್ಲ, ರಾಕೆಟ್ ತನ್ನ ಸುತ್ತ ತಾನೇ ಎಷ್ಟು ತಿರುಗ್ತಿದೆ ಅಂತ ಫ್ರೇಮ್ ನೋಡಿ ಹೇಳೋಕೆ. ಕೋನ ಅಳೆಯೋ ಕ್ಯಾಮೆರಾನ ಬೇರೆಬೇರೆ ಕಡೆ ಇಟ್ಟು, ಎರಡು ಕೋನ ಸಿಕ್ರೆ ತ್ರಿಕೋನದ ಲೆಕ್ಕದಲ್ಲಿ ಎತ್ತರ, ಫ್ರೇಮಿಂದ ಫ್ರೇಮಿಗೆ ಎಷ್ಟು ಸರೀತು ಅಂತ ನೋಡಿದ್ರೆ ವೇಗ. ಇದೇ ವಿ-2ಗಳನ್ನ ಆಮೇಲೆ ಸುರಂಗದೊಳಗೆ ಮಾಡಿಸಿದ್ದು ಮಿಟ್ಟೆಲ್‌ಬೌ-ಡೋರಾ ಅನ್ನೋ ನಾಜಿ ಕಾನ್ಸಂಟ್ರೇಶನ್ ಕ್ಯಾಂಪಿನ ಕೈದಿಗಳಿಂದ, ಅಲ್ಲಿಗೆ ಬಂದ 60,000 ಜನರಲ್ಲಿ ಸುಮಾರು 20,000 ಜನ ಸತ್ರು. ಥಿಯೇಟರಲ್ಲಿ ಕೂತವರಿಗೆ ಅದನ್ನ ಯಾರೂ ತೋರಿಸ್ಲಿಲ್ಲ.

ಯುದ್ಧ ಮುಗಿದ ಮೇಲೆ ವಿ-2ಗಳು ಅಮೆರಿಕದವರ ಕೈಗೆ ಸಿಕ್ಕಿದ್ವು. 1946ರ ಅಕ್ಟೋಬರ್ 24ಕ್ಕೆ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸಿಂದ ಒಂದನ್ನ ಹಾರಿಸಿದ್ರು, ಈ ಸಲ ಕ್ಯಾಮೆರಾ ರಾಕೆಟ್ ಒಳಗೇ ಇತ್ತು, 35 ಎಂಎಂದು, ಒಂದೂವರೆ ಸೆಕೆಂಡಿಗೊಂದು ಫ್ರೇಮ್. ಕೆಳಗೆ ಬಿದ್ದ ಹೊಡೆತಕ್ಕೆ ಕ್ಯಾಮೆರಾ ಪುಡಿಪುಡಿ ಆದ್ರೂ ಫಿಲ್ಮು ಉಕ್ಕಿನ ಡಬ್ಬಿಯಲ್ಲಿದ್ದಿದ್ದಕ್ಕೆ ಉಳ್ಕೊಂಡ್ತು, 100 ಕಿಲೋಮೀಟರಿಗಿಂತ ಮೇಲಿಂದ ತೆಗೆದ ಭೂಮಿಯ ಮೊದಲ ಫೋಟೋಗಳು ಅವೇ.